ಅಂಗಡಿಯಲ್ಲಿ ಸ್ವಗಣನೆ: ಅದರ ಪೂರ್ವಚರಿತ್ರೆಯೂ ಗುಣದೋಷಗಳೂ

೧. ಪೀಠಿಕೆ

ಮನುಷ್ಯನ ವ್ಯವಹಾರಗಳಲ್ಲಿ ಕ್ರಯವಿಕ್ರಯವೆಂಬುದು ಅತ್ಯಂತ ಪುರಾತನವಾದುದು. ಕೊಂಡ ಸರಕನ್ನು ಎಣಿಸಿ, ಬೆಲೆಯನ್ನು ಕೂಡಿಸಿ, ಹಣವನ್ನು ತೆಗೆದುಕೊಂಡು ಗಿರಾಕಿಯನ್ನು ಬೀಳ್ಕೊಡುವುದು ಆ ವ್ಯವಹಾರದ ಕೊನೆಯ ಘಟ್ಟ. ಈ ಕೆಲಸವು ಬಹುಕಾಲದಿಂದ ಅಂಗಡಿಯವನದಾಗಿ, ಇಲ್ಲವೆ ಅವನ ಗುಮಾಸ್ತನದಾಗಿ ನಡೆದುಬಂದಿತು. ಅಮೆರಿಕಾ, ಇಂಗ್ಲೆಂಡು ಮುಂತಾದ ದೇಶಗಳ ದೊಡ್ಡ ಅಂಗಡಿಗಳಲ್ಲಿ ಈಗ ಇದನ್ನು ಬಹುಮಟ್ಟಿಗೆ ಗಿರಾಕಿಯೇ ಮಾಡಿಕೊಳ್ಳುತ್ತಾನೆ. ಸರಕಿನ ಮೇಲೆ ಅಚ್ಚಾಗಿರುವ ಬಾರ್‌ಕೋಡ್ ಎಂಬ ಗೆರೆಗುರುತನ್ನು ಯಂತ್ರದ ಗಾಜಿಗೆ ತೋರಿಸಿ, ಸರಕನ್ನು ಚೀಲಕ್ಕೆ ಹಾಕಿ, ಯಂತ್ರಕ್ಕೇ ಹಣವನ್ನು ಸಲ್ಲಿಸಿ, ಯಾರೊಡನೆಯೂ ಮಾತನಾಡದೆ ಹೊರಬರುತ್ತಾನೆ. ಇದಕ್ಕೆ ಅಲ್ಲಿ ಸೆಲ್ಫ್ ಚೆಕ್‌ಔಟ್ ಎಂದು ಹೆಸರು. ಈ ಲೇಖನದಲ್ಲಿ ಇದನ್ನು 'ಸ್ವಗಣನೆ' ಎಂದು ಕರೆಯುತ್ತೇವೆ.

ಸ್ವಗಣನೆಯನ್ನು ಕುರಿತು ಎರಡು ಪಕ್ಷಗಳಿವೆ. ಇದರಿಂದ ಕಾಲ ಉಳಿಯುತ್ತದೆ, ಅಂಗಡಿಯ ವೆಚ್ಚ ತಗ್ಗುತ್ತದೆ, ಗಿರಾಕಿಗೆ ಸ್ವಾತಂತ್ರ್ಯ ದೊರೆಯುತ್ತದೆ ಎಂಬುದು ಒಂದು ಪಕ್ಷ. ಇದರಿಂದ ಗುಮಾಸ್ತರು ಕೆಲಸ ಕಳೆದುಕೊಳ್ಳುತ್ತಾರೆ, ಗಿರಾಕಿಯು ಸಂಬಳವಿಲ್ಲದ ನೌಕರನಾಗುತ್ತಾನೆ, ಕಳ್ಳತನ ಹೆಚ್ಚುತ್ತದೆ ಎಂಬುದು ಮತ್ತೊಂದು ಪಕ್ಷ. ಉಭಯಪಕ್ಷದವರೂ ಇದನ್ನು ನಿನ್ನೆ ಮೊನ್ನೆ ಹುಟ್ಟಿದ ನೂತನ ಪದಾರ್ಥವೆಂದು ಭಾವಿಸಿಯೇ ವಾದಕ್ಕೆ ಹೊರಡುತ್ತಾರೆ. ಪರಿಶೀಲಿಸಿದರೆ, ಇದು ಸುಮಾರು ಒಂದೂವರೆ ಶತಮಾನದ ಹಲವು ಮಾರ್ಪಾಟುಗಳಲ್ಲಿ ಇತ್ತೀಚಿನದೆಂಬುದು ವ್ಯಕ್ತವಾಗುತ್ತದೆ. ಆ ಮಾರ್ಪಾಟುಗಳಲ್ಲಿ ಪ್ರತಿಯೊಂದರಲ್ಲಿಯೂ ಮೂರು ಪ್ರಶ್ನೆಗಳು ಅಡಗಿವೆ: ಕೆಲಸ ಯಾರದು? ಲೆಕ್ಕ ತಪ್ಪಿದರೆ ಹೊಣೆ ಯಾರದು? ಸಂಶಯ ಯಾರ ಮೇಲೆ? ಮೊದಲನೆಯ ಪ್ರಶ್ನೆಯನ್ನು ಎಲ್ಲರೂ ಚರ್ಚಿಸುತ್ತಾರೆ. ಉಳಿದೆರಡು ಪ್ರಶ್ನೆಗಳೇ ಹೆಚ್ಚು ಗುರುತರವಾದುವೆಂಬುದನ್ನು ಪೂರ್ವಚರಿತ್ರೆಯಿಂದ ತೋರಿಸುವುದು ಈ ಲೇಖನದ ಉದ್ದೇಶ.

೨. ಮಾರುವವನ ಮೇಲಣ ಸಂಶಯ

ಪ್ರಾಚೀನ ಶಾಸನಕರ್ತರು ಸಂಶಯಪಟ್ಟದ್ದು ಮುಖ್ಯವಾಗಿ ಮಾರುವವನನ್ನು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು, ೧೯೦೯ರಲ್ಲಿ ಅವರಿಂದ ಮುದ್ರಿತವಾದ ಕೌಟಿಲ್ಯನ ಅರ್ಥಶಾಸ್ತ್ರವು ಇದಕ್ಕೆ ಸಾಕ್ಷಿ. ತೂಕದ ಕಲ್ಲುಗಳು ಕಬ್ಬಿಣದಿಂದಲೋ, ಮಗಧ ಮೇಕಲ ದೇಶಗಳ ಶಿಲೆಯಿಂದಲೋ ಆಗಿರಬೇಕೆಂದೂ, ಅವುಗಳಿಗೆ ನಾಲ್ಕು ತಿಂಗಳಿಗೊಮ್ಮೆ ಅಧಿಕಾರಿಯಿಂದ ಮುದ್ರೆ ಬೀಳಬೇಕೆಂದೂ ಅಲ್ಲಿ ವಿಧಿಸಲಾಗಿದೆ. ಕಳ್ಳತೂಕ ಕಳ್ಳಅಳತೆಗಳಿಗೆ ದಂಡವನ್ನು ಹೇಳುವ ಪ್ರಕರಣವೂ ಉಂಟು. ತಕ್ಕಡಿಯು ವರ್ತಕನ ಕೈಯಲ್ಲಿದ್ದುದರಿಂದ ಹೊಣೆಯೂ ಸಂಶಯವೂ ಅವನ ಮೇಲೆಯೇ ಬೀಳುವುದು ನ್ಯಾಯವಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಪಾಶ್ಚಾತ್ಯ ಅಂಗಡಿಯಲ್ಲಿಯೂ ಸ್ಥಿತಿಯು ಬಹುಮಟ್ಟಿಗೆ ಹೀಗೆಯೇ ಇತ್ತು. ಸರಕೆಲ್ಲವೂ ಅಡ್ಡಹಲಗೆಯ ಹಿಂದೆ ಇರುತ್ತಿತ್ತು. ಗುಮಾಸ್ತನು ಪೀಪಾಯಿಯಿಂದ ಬಿಸ್ಕತ್ತನ್ನೂ ಮೂಟೆಯಿಂದ ಸಕ್ಕರೆಯನ್ನೂ ತೆಗೆದು, ತೂಗಿ, ಕಟ್ಟಿ, ಬೆಲೆಯನ್ನು ಕೂಡಿಸಿ ಹೇಳುತ್ತಿದ್ದನು. ಬೆಲೆಯು ಗಿರಾಕಿಯಿಂದ ಗಿರಾಕಿಗೆ ಬದಲಾಗುವುದೂ ಉಂಟು. ಪ್ಯಾರಿಸಿನಲ್ಲಿ ಆರಿಸ್ಟೀಡ್ ಬೂಸಿಕೋ ಎಂಬವನು ೧೮೫೨ರಲ್ಲಿ ಬಾನ್ ಮಾರ್ಷೆ ಎಂಬ ಅಂಗಡಿಯಲ್ಲಿ ಪಾಲುಗಾರನಾಗಿ, ಸರಕಿನ ಮೇಲೆ ಬೆಲೆಯನ್ನು ಬರೆದು ಎಲ್ಲರಿಗೂ ಅದೇ ಬೆಲೆಗೆ ಮಾರುವ ಕ್ರಮವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದನು. ಈ ಸ್ಥಿರಬೆಲೆಯ ಪದ್ಧತಿಯಿಲ್ಲದಿದ್ದರೆ ಮುಂದಿನ ಚರಿತ್ರೆಯೇ ಇಲ್ಲ. ಚೌಕಾಸಿಗೆ ಎದುರಿಗೊಬ್ಬ ಮನುಷ್ಯನು ಬೇಕು. ಬರೆದ ಬೆಲೆಯನ್ನು ಓದುವುದಕ್ಕೆ ಯಾರೂ ಬೇಕಿಲ್ಲ.

೩. ನೌಕರನ ಮೇಲಣ ಸಂಶಯ

ಅಂಗಡಿಗಳು ದೊಡ್ಡವಾದಂತೆ ಯಜಮಾನನು ಗಲ್ಲಾಪೆಟ್ಟಿಗೆಯ ಬಳಿ ತಾನೇ ಕುಳಿತಿರುವುದು ಅಸಾಧ್ಯವಾಯಿತು. ಆಗ ಸಂಶಯವು ಎರಡನೆಯ ಸ್ಥಾನಕ್ಕೆ ಬಂದಿತು. ಅಮೆರಿಕಾದ ಓಹಾಯೋ ಸಂಸ್ಥಾನದ ಡೇಟನ್ ಪಟ್ಟಣದಲ್ಲಿ ಜೇಮ್ಸ್ ರಿಟಿ ಎಂಬವನು ಒಂದು ಪಾನಗೃಹವನ್ನು ನಡೆಸುತ್ತಿದ್ದನು. ವ್ಯಾಪಾರವು ಚೆನ್ನಾಗಿದ್ದರೂ ಲಾಭವು ಕೈಸೇರುತ್ತಿರಲಿಲ್ಲ; ನೌಕರರು ಹಣವನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಯೂರೋಪಿನ ಯಾತ್ರೆಯಲ್ಲಿ ಹಡಗಿನ ಚಕ್ರದ ಸುತ್ತುಗಳನ್ನು ಎಣಿಸುವ ಯಂತ್ರವೊಂದನ್ನು ನೋಡಿ, ಸುತ್ತುಗಳನ್ನು ಎಣಿಸಬಹುದಾದರೆ ಮಾರಾಟಗಳನ್ನೇಕೆ ಎಣಿಸಬಾರದೆಂದು ಅವನಿಗೆ ಹೊಳೆಯಿತೆಂದು ಹೇಳುತ್ತಾರೆ. ಅವನೂ ಅವನ ಸಹೋದರ ಜಾನನೂ ಕೂಡಿ ನಿರ್ಮಿಸಿದ ಲೆಕ್ಕದ ಯಂತ್ರಕ್ಕೆ ೧೮೭೯ರಲ್ಲಿ ಪೇಟೆಂಟು ದೊರೆಯಿತು. ಆಸೆಗೆ ಬಗ್ಗದ ಗುಮಾಸ್ತನೆಂಬ ಅರ್ಥ ಬರುವ ಹೆಸರನ್ನು ಅವರು ಅದಕ್ಕೆ ಇಟ್ಟರು. ಸಂಶಯವು ಯಾರನ್ನು ಕುರಿತದ್ದೆಂಬುದನ್ನು ಆ ಹೆಸರೇ ಸಾರುತ್ತದೆ. ೧೮೮೪ರಲ್ಲಿ ಜಾನ್ ಪ್ಯಾಟರ್ಸನ್ ಎಂಬವನು ಈ ಉದ್ಯಮವನ್ನು ಕೊಂಡು ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪೆನಿ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಗಿ ಮಾಡಿದನು.

ಕ್ರಮೇಣ ಈ ಯಂತ್ರಕ್ಕೆ ಹಣದ ಪೆಟ್ಟಿಗೆಯೂ, ಪೆಟ್ಟಿಗೆ ತೆರೆದಾಗ ಬಾರಿಸುವ ಗಂಟೆಯೂ, ಮೊಬಲಗನ್ನು ಮುದ್ರಿಸುವ ಕಾಗದದ ಸುರುಳಿಯೂ ಸೇರಿದುವು. ಗಂಟೆಯು ಯಜಮಾನನ ಕಿವಿಗಾಗಿ, ರಶೀದಿಯು ಗಿರಾಕಿಯ ಕೈಗಾಗಿ ಏರ್ಪಟ್ಟುವು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರಶೀದಿಯನ್ನು ಪಡೆಯುವ ಗಿರಾಕಿಯು ತನಗರಿವಿಲ್ಲದೆಯೇ ಗುಮಾಸ್ತನ ಮೇಲೆ ಸಾಕ್ಷಿಯಾದನು. ಈ ಘಟ್ಟದಲ್ಲಿ ಗಿರಾಕಿಯು ಯಜಮಾನನ ಮಿತ್ರ; ಸಂಶಯಕ್ಕೆ ಗುರಿಯಾದವನು ಅವರಿಬ್ಬರ ನಡುವೆ ನಿಂತ ಸಂಬಳಗಾರ.

೪. ಕೆಲಸದ ಮೊದಲನೆಯ ವರ್ಗಾವಣೆ

ಗಿರಾಕಿಗೆ ಕೆಲಸವನ್ನು ವಹಿಸುವ ಪ್ರಯತ್ನವು ವ್ಯವಸ್ಥಿತವಾಗಿ ಆರಂಭವಾದುದು ೧೯೧೬ರ ಸೆಪ್ಟೆಂಬರ್ ೬ರಂದು, ಟೆನೆಸೀ ಸಂಸ್ಥಾನದ ಮೆಂಫಿಸ್ ನಗರದಲ್ಲಿ. ಅಂದು ಕ್ಲಾರೆನ್ಸ್ ಸಾಂಡರ್ಸ್ ಎಂಬ ವರ್ತಕನು ಪಿಗ್ಲಿ ವಿಗ್ಲಿ ಎಂಬ ವಿಚಿತ್ರ ಹೆಸರಿನ ದಿನಸಿ ಅಂಗಡಿಯನ್ನು ತೆರೆದನು. ಅಡ್ಡಹಲಗೆಯನ್ನು ತೆಗೆದುಹಾಕಿ, ಸರಕನ್ನು ಗಿರಾಕಿಯ ಕೈಗೆಟುಕುವ ಬಡುಗಳಲ್ಲಿ ಜೋಡಿಸಿ, ಪ್ರತಿಯೊಂದಕ್ಕೂ ಬೆಲೆಯ ಚೀಟಿಯನ್ನು ಕಟ್ಟಿದ್ದನು. ಗಿರಾಕಿಯು ತಿರುಗುಬಾಗಿಲಿನಿಂದ ಒಳಹೊಕ್ಕು, ಬುಟ್ಟಿಯನ್ನು ಹಿಡಿದು, ನಿಯತವಾದ ಒಂದೇ ದಾರಿಯಲ್ಲಿ ಎಲ್ಲ ಬಡುಗಳನ್ನೂ ಹಾದು, ಕೊನೆಗೆ ಹಣ ಪಡೆಯುವ ಗುಮಾಸ್ತನ ಮುಂದೆಯೇ ಹೊರಬರಬೇಕಾಗಿತ್ತು. ಈ ಏರ್ಪಾಟಿಗೆ ೧೯೧೭ರ ಅಕ್ಟೋಬರಿನಲ್ಲಿ ಪೇಟೆಂಟು ದೊರೆಯಿತು. ಸರಕನ್ನು ಮೊದಲೇ ತೂಗಿ ಪೊಟ್ಟಣ ಕಟ್ಟಿ ಹೆಸರು ಮುದ್ರಿಸುವ ವಾಡಿಕೆಯು ಅಷ್ಟರಲ್ಲಿ ಹರಡಿದ್ದುದರಿಂದಲೇ ಇದು ಸಾಧ್ಯವಾಯಿತು. ಪೀಪಾಯಿಯ ಬಿಸ್ಕತ್ತಿಗೆ ತೂಗುವವನು ಬೇಕು, ಪೊಟ್ಟಣದ ಬಿಸ್ಕತ್ತಿಗೆ ಬೇಕಿಲ್ಲ.

ಈ ಅಂಗಡಿಯ ಗುಣದೋಷಗಳ ಚರ್ಚೆಯು ಇಂದಿನ ಚರ್ಚೆಯನ್ನೇ ಹೋಲುತ್ತದೆ. ತೆಗೆಯುವ, ಹುಡುಕುವ, ಹೊರುವ ಶ್ರಮವು ಗಿರಾಕಿಯದಾಯಿತು. ಅದಕ್ಕೆ ಪ್ರತಿಫಲವಾಗಿ ಬೆಲೆಯು ತಗ್ಗಿತು. ಆ ಇಳಿತವನ್ನು ಗಿರಾಕಿಯು ಚೀಟಿಯ ಮೇಲೆಯೇ ಕಾಣಬಹುದಾಗಿತ್ತು. ಆದ್ದರಿಂದಲೇ ಪದ್ಧತಿಯು ಬೇಗ ಹರಡಿ, ಏಳು ವರ್ಷ ಕಳೆಯುವುದರೊಳಗೆ ಸಾವಿರಕ್ಕೂ ಹೆಚ್ಚು ಅಂಗಡಿಗಳಾದುವು. ೧೯೩೦ರಲ್ಲಿ ಮೈಕೇಲ್ ಕಲನ್ ಎಂಬವನು ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದಲ್ಲಿ ಕಿಂಗ್ ಕಲನ್ ಎಂಬ ಮಹಾವಿಪಣಿಯನ್ನು ತೆರೆದನು. ೧೯೩೭ರಲ್ಲಿ ಓಕ್ಲಹೋಮಾ ನಗರದ ವರ್ತಕ ಸಿಲ್ವನ್ ಗೋಲ್ಡ್‌ಮನ್ ಗಾಲಿಯ ಬುಟ್ಟಿಯನ್ನು ಬಳಕೆಗೆ ತಂದನು. ಮೊದಲು ಅದನ್ನು ಮುಟ್ಟಲು ಜನರು ಸಂಕೋಚಪಟ್ಟುದರಿಂದ, ಗಿರಾಕಿಗಳಂತೆ ನಟಿಸಿ ಅದನ್ನು ತಳ್ಳಿಕೊಂಡು ತಿರುಗುವುದಕ್ಕೆ ಅವನು ಕೂಲಿಯ ಜನರನ್ನೇ ನೇಮಿಸಬೇಕಾಯಿತು.

ಸಾಂಡರ್ಸನು ೧೯೨೩ರಲ್ಲಿ ಷೇರುಪೇಟೆಯ ಹೋರಾಟದಲ್ಲಿ ಸೋತು ತನ್ನ ಅಂಗಡಿಗಳನ್ನು ಕಳೆದುಕೊಂಡನು. ೧೯೩೭ರಲ್ಲಿ ಅವನು ಮೆಂಫಿಸಿನಲ್ಲಿಯೇ ಕೀಡೂಜಲ್ ಎಂಬ ಮತ್ತೊಂದು ಅಂಗಡಿಯನ್ನು ತೆರೆದನು. ಅಲ್ಲಿ ಸರಕಿನ ಮಾದರಿಗಳು ಗಾಜಿನ ಹಿಂದೆ ಇರುತ್ತಿದ್ದುವು. ಗಿರಾಕಿಯು ತನ್ನ ಕೈಯ ಕೀಲಿಯನ್ನು ಬೇಕಾದ ಮಾದರಿಯ ರಂಧ್ರಕ್ಕೆ ತೂರಿಸಿದರೆ, ಸರಕು ಉಗ್ರಾಣದಿಂದ ಪಟ್ಟಿಯ ಮೇಲೆ ಉರುಳಿಬರುತ್ತಿತ್ತು. ಜನಸಂದಣಿಯನ್ನು ಯಂತ್ರವು ತಾಳಲಾರದೆ ಹೋಗಿ, ೧೯೪೯ರ ವೇಳೆಗೆ ಆ ಪ್ರಯತ್ನವು ನಿಂತಿತು. ಅವನ ಕೊನೆಯ ಯೋಜನೆಯ ಹೆಸರು ಫುಡ್‌ಇಲೆಕ್ಟ್ರಿಕ್. ಅದರಲ್ಲಿ ಗಿರಾಕಿಯು ಸರಕನ್ನು ತಾನೇ ತೆಗೆದು, ತಾನೇ ಕಟ್ಟಿ, ತಾನೇ ಗುಮಾಸ್ತನಾಗಬೇಕೆಂದು ಅವನು ಸಂಕಲ್ಪಿಸಿದ್ದನು. ಅದು ಬಾಗಿಲು ತೆರೆಯುವುದಕ್ಕೆ ಮೊದಲೇ, ೧೯೫೩ರಲ್ಲಿ, ಅವನು ತೀರಿಕೊಂಡನು. ಸ್ವಗಣನೆಯ ಭಾವನೆಯು ಯಂತ್ರಕ್ಕಿಂತ ಎಷ್ಟು ಹಳೆಯದೆಂಬುದು ಇದರಿಂದ ತಿಳಿಯುತ್ತದೆ.

೫. ನ್ಯಾಯಸ್ಥಾನದ ನಿರ್ಣಯ

ಇಂಗ್ಲೆಂಡಿಗೆ ಈ ಪದ್ಧತಿಯು ಯುದ್ಧಕಾಲದಲ್ಲಿ ಕಾಲಿಟ್ಟಿತು. ಕೆಲಸಗಾರರು ದುರ್ಲಭರಾಗಿದ್ದ ೧೯೪೨ರಲ್ಲಿ ಲಂಡನ್ ಸಹಕಾರ ಸಂಘವು ರಾಮ್‌ಫರ್ಡಿನ ತನ್ನ ಅಂಗಡಿಯ ಒಂದು ಭಾಗದಲ್ಲಿ ಇದನ್ನು ಪರೀಕ್ಷಿಸಿತು. ಮುಂದೆ ಬೂಟ್ಸ್ ಎಂಬ ಔಷಧವ್ಯಾಪಾರದ ಸಂಸ್ಥೆಯು ಎಡ್ಜ್‌ವೇರಿನ ತನ್ನ ಅಂಗಡಿಯನ್ನು ಈ ಕ್ರಮಕ್ಕೆ ಮಾರ್ಪಡಿಸಿದಾಗ ಒಂದು ಕುತೂಹಲಕರವಾದ ವ್ಯಾಜ್ಯವು ಹುಟ್ಟಿತು. ೧೯೩೩ರ ಶಾಸನದಂತೆ ಕೆಲವು ಔಷಧಗಳನ್ನು ನೋಂದಾಯಿತ ಔಷಧಕಾರನ ಮೇಲ್ವಿಚಾರಣೆಯಲ್ಲಿಯೇ ಮಾರಬೇಕಾಗಿತ್ತು. ಗಿರಾಕಿಯು ಬಡುವಿನಿಂದ ಸೀಸೆಯನ್ನು ತೆಗೆದು ಬುಟ್ಟಿಗೆ ಹಾಕಿಕೊಂಡಾಗಲೇ ಮಾರಾಟವು ಮುಗಿಯಿತೆಂದೂ, ಅಲ್ಲಿ ಔಷಧಕಾರನಿರಲಿಲ್ಲವಾದ್ದರಿಂದ ಶಾಸನಭಂಗವಾಯಿತೆಂದೂ ಔಷಧಕಾರರ ಸಂಘವು ವಾದಿಸಿತು.

ಮೇಲ್ಮನವಿಯ ನ್ಯಾಯಾಲಯವು ೧೯೫೩ರಲ್ಲಿ ಈ ವಾದವನ್ನು ತಳ್ಳಿಹಾಕಿತು. ಬಡುವಿನಲ್ಲಿಟ್ಟ ಸರಕು ಕೇವಲ ಆಹ್ವಾನ. ಅದನ್ನು ಗುಮಾಸ್ತನ ಮುಂದೆ ತಂದಿಡುವುದು ಗಿರಾಕಿಯ ಕೋರಿಕೆ. ಗುಮಾಸ್ತನು ಹಣವನ್ನು ಒಪ್ಪಿಕೊಳ್ಳುವುದೇ ಅಂಗೀಕಾರ. ಅಂಗೀಕಾರದಿಂದಲೇ ಕರಾರು ಎಂದು ತೀರ್ಮಾನವಾಯಿತು. ೧೮೭೨ರ ಕರಾರು ಶಾಸನವನ್ನು ಅಭ್ಯಾಸಮಾಡುವ ನಮ್ಮ ನಾಡಿನ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳಿಗೂ ಈ ತೀರ್ಪು ಸುಪರಿಚಿತವಾದುದು. ಇದರಿಂದ ನಮ್ಮ ವಿಷಯಕ್ಕೆ ದೊರೆಯುವ ಪ್ರಯೋಜನವೇನೆಂದರೆ, ಸ್ವಸೇವೆಯ ಅಂಗಡಿಯಲ್ಲಿ ಸಹ ಗುಮಾಸ್ತನು ಕೇವಲ ಕೂಡುವ ಕಳೆಯುವ ಯಂತ್ರವಲ್ಲ. ಎರಡು ಪಕ್ಷಗಳ ಮನಸ್ಸು ಕೂಡುವ ಸ್ಥಾನದಲ್ಲಿ ಅಂಗಡಿಯ ಪ್ರತಿನಿಧಿಯಾಗಿ ನಿಂತವನು. ಅವನು ಒಪ್ಪಿದ ಮೇಲೆ ಗಿರಾಕಿಯು ನಿಶ್ಚಿಂತನಾಗಿ ಹೊರಡಬಹುದು. ಸ್ವಗಣನೆಯು ತೆಗೆದುಹಾಕಿದ್ದು ಈ ಪ್ರತಿನಿಧಿಯನ್ನು.

೬. ಗೆರೆಗುರುತೂ ಸ್ವಗಣನ ಯಂತ್ರವೂ

ಸರಕನ್ನು ಯಂತ್ರವೇ ಗುರುತಿಸುವಂತಾಗದೆ ಸಾಂಡರ್ಸನ ಕನಸು ನನಸಾಗುವಂತಿರಲಿಲ್ಲ. ಜೋಸೆಫ್ ವುಡ್‌ಲ್ಯಾಂಡ್, ಬರ್ನರ್ಡ್ ಸಿಲ್ವರ್ ಎಂಬಿಬ್ಬರು ೧೯೪೯ರಲ್ಲಿ ಅರ್ಜಿ ಹಾಕಿ ೧೯೫೨ರಲ್ಲಿ ಗೆರೆಗುರುತಿಗೆ ಪೇಟೆಂಟನ್ನು ಪಡೆದರು. ತಂತಿವಾರ್ತೆಯ ಮಾರ್ಸ್ ಸಂಕೇತದ ಚುಕ್ಕೆಗಳನ್ನೂ ಗೀಟುಗಳನ್ನೂ ಕೆಳಕ್ಕೆ ಎಳೆದರೆ ಗೆರೆಗಳಾಗುವುವೆಂದು ವುಡ್‌ಲ್ಯಾಂಡನು ಕಡಲತೀರದ ಮರಳಿನ ಮೇಲೆ ಬೆರಳಾಡಿಸುತ್ತ ಕಂಡುಕೊಂಡನು. ಅದನ್ನು ಓದುವ ಅಗ್ಗವಾದ ಬೆಳಕೂ ಗಣಕಯಂತ್ರವೂ ಒದಗುವುದಕ್ಕೆ ಇನ್ನೂ ಎರಡು ದಶಕಗಳು ಬೇಕಾದುವು. ಐ.ಬಿ.ಎಂ. ಸಂಸ್ಥೆಯ ಜಾರ್ಜ್ ಲಾರರ್ ರೂಪಿಸಿದ ಗುರುತನ್ನು ದಿನಸಿ ವ್ಯಾಪಾರಿಗಳು ೧೯೭೩ರಲ್ಲಿ ಒಪ್ಪಿದರು. ೧೯೭೪ರ ಜೂನ್ ೨೬ರಂದು ಓಹಾಯೋ ಸಂಸ್ಥಾನದ ಟ್ರಾಯ್ ಎಂಬ ಊರಿನ ಮಾರ್ಷ್ ಅಂಗಡಿಯಲ್ಲಿ ಅಗಿಯುವ ಗೋಂದಿನ ಒಂದು ಕಟ್ಟು, ಬೆಲೆ ೬೭ ಸೆಂಟು, ಈ ಗುರುತಿನಿಂದ ಮೊದಲು ಮಾರಾಟವಾಯಿತು. ಟ್ರಾಯ್ ಊರು ರಿಟಿಯ ಡೇಟನ್ನಿಗೆ ಸಮೀಪದಲ್ಲಿಯೇ ಇದೆ. ಅಲ್ಲಿಯ ಲೆಕ್ಕದ ಯಂತ್ರವನ್ನು ಒದಗಿಸಿದ್ದು ಡೇಟನ್ನಿನ ಅದೇ ಹಳೆಯ ಕಂಪೆನಿ.

ಗೆರೆಗುರುತು ಬಂದಮೇಲೆ ಪ್ರತಿಯೊಂದು ಸರಕಿಗೂ ಬೆಲೆಯ ಚೀಟಿಯನ್ನು ಅಂಟಿಸುವ ಕೆಲಸವು ಅನಾವಶ್ಯಕವಾಯಿತು. ಬೆಲೆಯು ಗಿರಾಕಿಯ ಕಣ್ಣಿನಿಂದ ಮರೆಯಾಗಿ ಯಂತ್ರದ ನೆನಪಿಗೆ ಸೇರಿತು. ಇದನ್ನು ವಿರೋಧಿಸಿ ಗ್ರಾಹಕರೂ ಕಾರ್ಮಿಕ ಸಂಘಗಳೂ ಹೋರಾಡಿದುದರಿಂದ ಅಮೆರಿಕಾದ ಕೆಲವು ಸಂಸ್ಥಾನಗಳು ಪ್ರತಿ ಸರಕಿನ ಮೇಲೂ ಬೆಲೆಯಿರಬೇಕೆಂದು ಶಾಸನಗಳನ್ನು ಮಾಡಿದುವು. ಮಿಷಿಗನ್ ಸಂಸ್ಥಾನದಲ್ಲಿ ೧೯೭೬ರಲ್ಲಿ ಆದ ಇಂಥ ಶಾಸನವು ೨೦೧೧ರವರೆಗೂ ಜಾರಿಯಲ್ಲಿತ್ತು.

ಇನ್ನು ಉಳಿದದ್ದು ಒಂದೇ ಹೆಜ್ಜೆ. ಡೇವಿಡ್ ಹಂಬಲ್ ಎಂಬವನು ರೂಪಿಸಿದ ಚೆಕ್‌ರೋಬಾಟ್ ಎಂಬ ಯಂತ್ರವು ೧೯೮೬ರಲ್ಲಿ ಅಟ್ಲಾಂಟಾ ನಗರದ ಬಳಿ ಕ್ರೋಗರ್ ಅಂಗಡಿಯಲ್ಲಿ ಬಳಕೆಗೆ ಬಂದಿತು. ಅದರಲ್ಲಿ ಗಿರಾಕಿಯು ಸರಕನ್ನು ತಾನೇ ತೋರಿಸಿದರೂ ಹಣವನ್ನು ಗುಮಾಸ್ತನಿಗೇ ಕೊಡುತ್ತಿದ್ದನು. ೧೯೯೦ರ ದಶಕದಲ್ಲಿ ಹೊವರ್ಡ್ ಷ್ನೈಡರ್ ಎಂಬವನ ಯಂತ್ರಗಳಿಂದ ಹಣವನ್ನು ಸಲ್ಲಿಸುವ ಕೆಲಸವೂ ಗಿರಾಕಿಯದೇ ಆಯಿತು. ಇಂಥ ಯಂತ್ರದ ಕಾವಲು ತಕ್ಕಡಿಯಿಂದ ನಡೆಯುತ್ತದೆ. ಯಾವ ಸರಕು ಎಷ್ಟು ತೂಗಬೇಕೆಂಬುದು ಯಂತ್ರಕ್ಕೆ ಗೊತ್ತು. ಚೀಲವನ್ನಿಡುವ ಹಲಗೆಯ ಕೆಳಗಿನ ತಕ್ಕಡಿಯು ಬೇರೆ ತೂಕವನ್ನು ತೋರಿಸಿದರೆ ಯಂತ್ರವು ನಿಂತು, ದೀಪವನ್ನು ಹೊತ್ತಿಸಿ, ಹತ್ತಿರದ ನೌಕರನನ್ನು ಕರೆಯುತ್ತದೆ. ಕೌಟಿಲ್ಯನ ಕಾಲದಲ್ಲಿ ರಾಜಮುದ್ರೆಯ ತೂಕದ ಕಲ್ಲು ವರ್ತಕನನ್ನು ಕಾಯುತ್ತಿತ್ತು. ಇಲ್ಲಿ ವರ್ತಕನ ತಕ್ಕಡಿಯು ಗಿರಾಕಿಯನ್ನು ಕಾಯುತ್ತದೆ. ಸಂಶಯವು ಮೂರನೆಯ ಸ್ಥಾನಕ್ಕೆ ಬಂದಿತು.

೭. ಗುಣಗಳು

ಸ್ವಗಣನೆಯ ಗುಣಗಳನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಒಂದೆರಡು ವಸ್ತುಗಳನ್ನು ಕೊಳ್ಳಬಂದವನು ತುಂಬಿದ ಗಾಲಿಬುಟ್ಟಿಗಳ ಸಾಲಿನ ಹಿಂದೆ ಕಾಯಬೇಕಾಗಿಲ್ಲ. ಒಬ್ಬ ಗುಮಾಸ್ತನ ಮೇಜಿಗೆ ಬೇಕಾದ ಸ್ಥಳದಲ್ಲಿ ಹಲವು ಯಂತ್ರಗಳನ್ನು ನಿಲ್ಲಿಸಬಹುದಾದ್ದರಿಂದ ಇಕ್ಕಟ್ಟಾದ ಪೇಟೆಗಳಲ್ಲಿ ಇದು ಉಪಯುಕ್ತ. ತಾನು ಕೊಂಡದ್ದನ್ನು ಇನ್ನೊಬ್ಬರು ನೋಡಬಾರದೆಂಬ ಸಂಕೋಚವುಳ್ಳವರಿಗೂ, ಆ ದೇಶದ ಭಾಷೆಯಲ್ಲಿ ಮಾತನಾಡಲು ಅಳುಕುವ ಪರಸ್ಥಳದವರಿಗೂ, ಕಿವಿ ಕೇಳದವರಿಗೂ ಇದು ಒಂದು ಸೌಕರ್ಯ. ೨೦೨೦ರ ಮಹಾಮಾರಿಯ ಕಾಲದಲ್ಲಿ ಮನುಷ್ಯರು ಪರಸ್ಪರ ದೂರವಿರಬೇಕಾದಾಗ ಗಿರಾಕಿಗೂ ಗುಮಾಸ್ತನಿಗೂ ಇದರಿಂದ ರಕ್ಷಣೆ ದೊರೆಯಿತು. ದಿನವೆಲ್ಲ ಒಂದೇ ಬಗೆಯ ಚಲನೆಯಿಂದ ಕೈ ಸೋಲುವ ಗುಮಾಸ್ತನ ಕೆಲಸವು ಅಷ್ಟೇನೂ ಸುಖದ್ದಲ್ಲವೆಂಬುದನ್ನೂ ಮರೆಯಬಾರದು.

೮. ದೋಷಗಳು

ದೋಷಗಳಲ್ಲಿ ಮೊದಲನೆಯದು ಶ್ರಮದ ಪ್ರತಿಫಲವನ್ನು ಕುರಿತದ್ದು. ೧೯೧೬ರಲ್ಲಿ ಗಿರಾಕಿಯು ದುಡಿದುದಕ್ಕೆ ಬೆಲೆಯ ಇಳಿತವು ಕಣ್ಣಿಗೆ ಕಾಣುವಂತಿತ್ತು. ಸ್ವಗಣನೆಯಲ್ಲಿ ಯಂತ್ರದ ಬಳಿ ಕೊಂಡವನಿಗೂ ಗುಮಾಸ್ತನ ಬಳಿ ಕೊಂಡವನಿಗೂ ಸಾಮಾನ್ಯವಾಗಿ ಬೆಲೆ ಒಂದೇ.

ಎರಡನೆಯದು ಮನುಷ್ಯಸಂಪರ್ಕದ ಲೋಪ. ಒಂಟಿಯಾಗಿ ಬಾಳುವ ವೃದ್ಧರಿಗೆ ಅಂಗಡಿಯ ಎರಡು ಮಾತೇ ದಿನದ ಮಾತಾಗಿರುವುದುಂಟು. ನೆದರ್ಲೆಂಡ್ಸ್ ದೇಶದ ಯುಂಬೊ ಎಂಬ ಸಂಸ್ಥೆಯು ಇದನ್ನರಿತು, ಅವಸರವಿಲ್ಲದೆ ಮಾತನಾಡಬಯಸುವವರಿಗೆಂದೇ 'ಹರಟೆಯ ಗಲ್ಲ' ಎನ್ನಬಹುದಾದ ಒಂದು ಸಾಲನ್ನು ೨೦೧೯ರಲ್ಲಿ ಆರಂಭಿಸಿ, ೨೦೨೧ರಲ್ಲಿ ಅಂಥ ೨೦೦ ಸಾಲುಗಳನ್ನು ಏರ್ಪಡಿಸುವುದಾಗಿ ಪ್ರಕಟಿಸಿತು. ಮೂರನೆಯದು ವಿವೇಚನೆಯ ಅಭಾವ. ಕೊಳ್ಳುವವನು ಬಾಲಕನೋ ಪ್ರಾಯದವನೋ ಎಂಬುದನ್ನು ಗುಮಾಸ್ತನು ಮುಖ ನೋಡಿ ವಿಚಾರಿಸಬಲ್ಲನು. ಈ ಕಾರಣದಿಂದಲೇ ಕ್ಯಾಲಿಫೋರ್ನಿಯಾ ಸಂಸ್ಥಾನವು ಸ್ವಗಣನ ಯಂತ್ರದ ಮೂಲಕ ಮದ್ಯವನ್ನು ಮಾರಕೂಡದೆಂದು ೨೦೧೧ರಲ್ಲಿ ಶಾಸನ ಮಾಡಿತು.

ನಾಲ್ಕನೆಯದೂ ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಗುರುತರವೂ ಆದುದು ಕಳ್ಳತನ ಮತ್ತು ತಪ್ಪುಗಳ ಮಿಶ್ರಣ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾನಿಲಯದ ಏಡ್ರಿಯನ್ ಬೆಕ್ ಎಂಬ ಪಂಡಿತರು ಸಹೋದ್ಯೋಗಿಯೊಡನೆ ಕೂಡಿ, ಗಿರಾಕಿಗಳೇ ಕೈಯಂತ್ರದಿಂದ ಗೆರೆಗುರುತನ್ನು ಓದಿಸುವ ಅಂಗಡಿಗಳ ಲೆಕ್ಕವನ್ನು ಪರಿಶೀಲಿಸಿದರು. ಸರಕಿನ ಮೌಲ್ಯದಲ್ಲಿ ಸುಮಾರು ಶೇಕಡಾ ೪ರಷ್ಟು ಲೆಕ್ಕಕ್ಕೆ ಬಾರದೆ ಹೊರಹೋಗಿತ್ತೆಂದು ಅವರಿಗೆ ಕಂಡುಬಂದಿತು. ಅಪರಾಧಶಾಸ್ತ್ರಜ್ಞೆ ಎಮೆಲೀನ್ ಟೇಲರ್ ೨೦೧೬ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಬೇರೆಡೆಯಲ್ಲಿ ಕದಿಯುವ ಯೋಚನೆಯನ್ನೇ ಮಾಡದ ಗೌರವಸ್ಥರು ಸಹ ಯಂತ್ರದ ಮುಂದೆ ನಿಂತಾಗ ಬೆಲೆಯುಳ್ಳ ಹಣ್ಣನ್ನು ಅಗ್ಗದ ತರಕಾರಿಯೆಂದು ನಮೂದಿಸುವ ಚಾಳಿಯನ್ನು ವಿವರಿಸಿದ್ದಾರೆ. ಎದುರಿಗೆ ಮನುಷ್ಯನಿಲ್ಲದಿರುವುದೂ, ಯಂತ್ರದ ಮೇಲಣ ಸಿಟ್ಟೂ, ತಪ್ಪಾಯಿತೆಂದು ಹೇಳಿ ಪಾರಾಗಬಹುದೆಂಬ ಅನುಕೂಲವೂ ಇದಕ್ಕೆ ಕಾರಣಗಳು.

ಇದೇ ಅನುಕೂಲದ ಮತ್ತೊಂದು ಮುಖವು ಪ್ರಾಮಾಣಿಕನಿಗೆ ಅಪಾಯಕರವಾದುದು. ಗುಮಾಸ್ತನು ಎರಡು ಸಾಬೂನಿಗೆ ಬದಲಾಗಿ ಒಂದನ್ನೇ ಎಣಿಸಿದರೆ ಅದು ಅಂಗಡಿಯ ತಪ್ಪು. ಗಿರಾಕಿಯ ಮಾನಕ್ಕೆ ಅದರಿಂದ ಕುಂದಿಲ್ಲ. ಅದೇ ತಪ್ಪನ್ನು ಗಿರಾಕಿಯು ತಾನೇ ಮಾಡಿದರೆ ಹೊರಗಿನವರ ಕಣ್ಣಿಗೆ ಅದು ಕಳ್ಳತನದಿಂದ ಬೇರೆಯಾಗಿ ತೋರುವುದಿಲ್ಲ. ಗುಮಾಸ್ತನಿಗೆ ತರಬೇತಿಯುಂಟು, ಅಭ್ಯಾಸಬಲವುಂಟು, ಸಂಬಳವುಂಟು. ವಾರಕ್ಕೊಮ್ಮೆ ಬರುವ ಗಿರಾಕಿಗೆ ಇವಾವುವೂ ಇಲ್ಲ; ಕಂಕುಳಲ್ಲಿ ಮಗುವಿದ್ದೀತು, ಕಣ್ಣು ಮಂಜಾಗಿದ್ದೀತು. ಕಳ್ಳತನಕ್ಕೆ ಅಪ್ರಾಮಾಣಿಕವಾದ ಉದ್ದೇಶವು ಬೇಕೆಂಬುದು ಇಂಗ್ಲೆಂಡಿನ ೧೯೬೮ರ ಶಾಸನದಲ್ಲಿಯೂ, ನಮ್ಮಲ್ಲಿ ೧೮೬೦ರ ದಂಡಸಂಹಿತೆಯಲ್ಲಿಯೂ, ಅದರ ಸ್ಥಾನದಲ್ಲಿ ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಸಮಾನವಾಗಿ ಇರುವ ತತ್ತ್ವ. ಯಂತ್ರಕ್ಕೆ ತೂಕದ ವ್ಯತ್ಯಾಸವು ಕಾಣುತ್ತದೆಯೇ ಹೊರತು ಉದ್ದೇಶವು ಕಾಣುವುದಿಲ್ಲ. ಹೀಗೆ ಕೆಲಸವು ಕೈಬದಲಾದಾಗ ತಪ್ಪಿನ ಹೊಣೆಯೂ ಜೊತೆಯಲ್ಲಿಯೇ ಕೈಬದಲಾಯಿತು. ಆದರೆ ಈ ಎರಡನೆಯ ವರ್ಗಾವಣೆಯನ್ನು ಯಾರೂ ಗಿರಾಕಿಗೆ ತಿಳಿಸಲಿಲ್ಲ, ಅವನೂ ಒಪ್ಪಿದವನಲ್ಲ.

೯. ಹಿಂಜರಿಕೆಯ ಲಕ್ಷಣಗಳು

ಇತ್ತೀಚಿನ ವರ್ಷಗಳಲ್ಲಿ ವರ್ತಕರೇ ಈ ವಿಷಯವನ್ನು ಪುನಃ ಯೋಚಿಸತೊಡಗಿದ್ದಾರೆ. ಇಂಗ್ಲೆಂಡಿನ ಉತ್ತರಭಾಗದ ಬೂತ್ಸ್ ಎಂಬ ಸಂಸ್ಥೆಯು ೨೦೨೩ರ ನವೆಂಬರಿನಲ್ಲಿ ತನ್ನ ಬಹುತೇಕ ಎಲ್ಲ ಅಂಗಡಿಗಳಿಂದಲೂ ಈ ಯಂತ್ರಗಳನ್ನು ತೆಗೆಯುವುದಾಗಿ ಪ್ರಕಟಿಸಿತು. ಅಮೆರಿಕಾದ ಟಾರ್ಗೆಟ್ ಸಂಸ್ಥೆಯು ೨೦೨೪ರಲ್ಲಿ ತನ್ನ ಹೆಚ್ಚಿನ ಅಂಗಡಿಗಳಲ್ಲಿ ಸ್ವಗಣನೆಯನ್ನು ಹತ್ತು ವಸ್ತುಗಳೊಳಗಿನ ಕೊಳ್ಳಿಕೆಗೆ ಮಿತಗೊಳಿಸಿತು. ಅದೇ ವರ್ಷ ಡಾಲರ್ ಜನರಲ್ ಸಂಸ್ಥೆಯು ನಷ್ಟವು ಹೆಚ್ಚಾಗಿದ್ದ ಅಂಗಡಿಗಳಿಂದ ಇವುಗಳನ್ನು ಹಿಂದೆಗೆಯಿತು. ಗಲ್ಲವೇ ಇಲ್ಲದೆ, ಛಾಯಾಯಂತ್ರಗಳ ಕಣ್ಗಾವಲಿನಲ್ಲಿ ಗಿರಾಕಿಯು ಸರಕನ್ನು ತೆಗೆದುಕೊಂಡು ಸುಮ್ಮನೆ ಹೊರಡುವ ಅಂಗಡಿಯನ್ನು ಅಮೆಜಾನ್ ಸಂಸ್ಥೆಯು ೨೦೧೮ರ ಜನವರಿಯಲ್ಲಿ ಸಿಯಾಟಲ್ ನಗರದಲ್ಲಿ ತೆರೆದಿತ್ತು. ಅಮೆರಿಕಾದ ತನ್ನ ದೊಡ್ಡ ದಿನಸಿ ಅಂಗಡಿಗಳಿಂದ ಆ ಏರ್ಪಾಟನ್ನು ಅದು ೨೦೨೪ರಲ್ಲಿ ತೆಗೆಯತೊಡಗಿತು.

ಇದರಿಂದ ಸ್ವಗಣನೆಯು ಅಳಿಯುವುದೆಂದು ಹೇಳುವುದು ಸಾಹಸವಾದೀತು. ಆದರೆ ಯಂತ್ರವು ಬಂದಮೇಲೆ ಸಮಾಜವು ಅದಕ್ಕೆ ಶರಣಾಗಲೇಬೇಕೆಂಬ ನಿಯಮವಿಲ್ಲವೆಂಬುದಂತೂ ಸಿದ್ಧಪಡುತ್ತದೆ. ಇದಕ್ಕೆ ಹಳೆಯ ದೃಷ್ಟಾಂತವೊಂದುಂಟು. ಗಿರಾಕಿಯು ತನ್ನ ಮೋಟಾರುಗಾಡಿಗೆ ತಾನೇ ಪೆಟ್ರೋಲನ್ನು ತುಂಬಿಕೊಳ್ಳಕೂಡದೆಂದು ನ್ಯೂಜೆರ್ಸಿ ಸಂಸ್ಥಾನವು ೧೯೪೯ರಲ್ಲಿಯೂ ಆರಿಗನ್ ಸಂಸ್ಥಾನವು ೧೯೫೧ರಲ್ಲಿಯೂ ಶಾಸನ ಮಾಡಿದುವು. ಆರಿಗನ್ನಿನ ನಿಷೇಧವು ಎಲ್ಲೆಡೆಯಲ್ಲಿಯೂ ಸಡಿಲವಾದುದು ೨೦೨೩ರಲ್ಲಿ.

೧೦. ಉಪಸಂಹಾರ

ನಮ್ಮ ನಾಡಿಗೆ ಈ ಚರ್ಚೆಯು ತೀರ ಹೊರಗಿನದಲ್ಲ. ಬೆಂಗಳೂರಿನ ದರ್ಶಿನಿಗಳಲ್ಲಿ 'ಸೆಲ್ಫ್ ಸರ್ವಿಸ್' ಎಂಬ ಫಲಕವು ಎಲ್ಲರಿಗೂ ಪರಿಚಿತ. ಅಲ್ಲಿ ತಟ್ಟೆಯನ್ನು ಹೊರುವ ಕೆಲಸವು ಗಿರಾಕಿಯದಾದರೂ, ಮೊದಲು ಹಣವನ್ನು ಪಡೆದು ಚೀಟಿ ಕೊಡುವವನು ಗಲ್ಲದ ಮೇಲೆ ಕುಳಿತಿರುತ್ತಾನೆ. ಲೆಕ್ಕದ ಹೊಣೆಯು ಅಂಗಡಿಯನ್ನು ಬಿಟ್ಟಿಲ್ಲ. ೨೦೧೬ರಲ್ಲಿ ಯು.ಪಿ.ಐ. ಎಂಬ ಹಣಪಾವತಿಯ ಕ್ರಮವು ಆರಂಭವಾದ ತರುವಾಯ ತರಕಾರಿಯ ಗಾಡಿಯ ಬಳಿಯಲ್ಲಿಯೂ ಕೊಳ್ಳುವವನು ಮೊಬಲಗನ್ನು ತಾನೇ ನಮೂದಿಸಿ ಸಲ್ಲಿಸುತ್ತಾನೆ. ಹಣ ಬಂದಿತೆಂದು ಗಟ್ಟಿಯಾಗಿ ಸಾರುವ ಸಣ್ಣ ಪೆಟ್ಟಿಗೆಯೊಂದು ವ್ಯಾಪಾರಿಯ ಪಕ್ಕದಲ್ಲಿರುತ್ತದೆ. ಅದು ರಿಟಿಯ ಪರಂಪರೆಯ ಗಂಟೆಯೇ ಸರಿ. ಆದರೆ ಇಲ್ಲಿ ಗಂಟೆಯ ಜೊತೆಯಲ್ಲಿ ವ್ಯಾಪಾರಿಯೂ ಇದ್ದಾನೆ. ತಪ್ಪಾಗಿ ಹತ್ತು ರೂಪಾಯಿ ಕಡಮೆ ಬಂದರೆ 'ಇನ್ನು ಹತ್ತು ಕೊಡಿ' ಎನ್ನುತ್ತಾನೆ, ಹೆಚ್ಚು ಬಂದರೆ ಹಿಂದಿರುಗಿಸುತ್ತಾನೆ, ತೂಕ ಮುಗಿದಮೇಲೆ ಕೊಸರನ್ನೂ ಹಾಕುತ್ತಾನೆ. ತಪ್ಪು ಅಲ್ಲಿ ತಪ್ಪಾಗಿಯೇ ಉಳಿದು ಮಾತಿನಲ್ಲಿ ಮುಗಿಯುತ್ತದೆ.

ಮೇಲಣ ಚರಿತ್ರೆಯಿಂದ ನಮಗೆ ತೋರುವುದಿಷ್ಟ. ಸಂಶಯವು ಯಾರ ಮೇಲೆ ನಿಂತಿತೋ ಅವರಿಗೆ ರಕ್ಷಣೆಯೂ ಕಾಲಕ್ರಮದಲ್ಲಿ ಒದಗಿತು. ವರ್ತಕನಿಗೆ ಮುದ್ರೆ ಬಿದ್ದ ತೂಕದ ಕಲ್ಲೇ ಸಾಕ್ಷಿ ನುಡಿಯಿತು. ಗುಮಾಸ್ತನಿಗೆ ಯಂತ್ರದ ಸುರುಳಿಯು ನಿರಪರಾಧಕ್ಕೆ ಆಧಾರವಾಯಿತು, ಸಂಘವು ಬೆಂಬಲವಾಯಿತು. ಮೂರನೆಯವನಾದ ಗಿರಾಕಿಗೆ ಅಂಥ ರಕ್ಷಣೆಯು ಇನ್ನೂ ಪೂರ್ಣವಾಗಿ ಏರ್ಪಟ್ಟಿಲ್ಲ. ಸ್ವಗಣನೆಯನ್ನು ಇಟ್ಟುಕೊಳ್ಳುವ ಅಂಗಡಿಯು ಮನುಷ್ಯನು ಕುಳಿತ ಒಂದು ಗಲ್ಲವನ್ನಾದರೂ ಉಳಿಸಬೇಕು. ಬೆಲೆಯನ್ನು ಸರಕಿನ ಬಳಿಯಲ್ಲಿಯೇ ಸ್ಪಷ್ಟವಾಗಿ ತೋರಿಸಬೇಕು. ಉದ್ದೇಶವು ಸಿದ್ಧಪಡುವವರೆಗೆ ಗಿರಾಕಿಯ ತಪ್ಪನ್ನು ತನ್ನ ಗುಮಾಸ್ತನ ತಪ್ಪಿನಂತೆಯೇ ಭಾವಿಸಿ ಸಮಾಧಾನವಾಗಿ ತಿದ್ದಬೇಕು. ಗುಮಾಸ್ತನ ಕೆಲಸವನ್ನು ಗಿರಾಕಿಗೆ ಕೊಟ್ಟವರು ಗುಮಾಸ್ತನಿಗೆ ತೋರುತ್ತಿದ್ದ ತಾಳ್ಮೆಯನ್ನೂ ಅವನಿಗೆ ಕೊಡುವುದು ನ್ಯಾಯ. ಇಷ್ಟು ನಡೆದರೆ ಯಂತ್ರದ ಗುಣಗಳು ಉಳಿದು ಅದರ ದೋಷಗಳಲ್ಲಿ ಮುಖ್ಯವಾದುದು ನಿವಾರಣೆಯಾಗುವುದೆಂದು ನಾವು ನಂಬುತ್ತೇವೆ.